ಮೂವತ್ತೊಂದನೆಯ ಅಧ್ಯಾಯದವರೆಗೆ

ಬೆಳ್ಳಮ್ಮನ ಮನೆಯಲ್ಲಿ ಬೈಬಲ್ಲಿಗೆ ಇದ್ದ ಮರ್ಯಾದೆ ಮನೆಯ ಯಜಮಾನನಿಗೂ ಇರಲಿಲ್ಲ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ದಪ್ಪ ಪುಸ್ತಕ ಅದು. ಜಿಪ್ಪಿನ ಕಪ್ಪು ಚೀಲದೊಳಗೆ, ಗೋಡೆಯ ಗೂಡಿನಲ್ಲಿ, ಕಸೂತಿ ಹಾಕಿದ ಬಟ್ಟೆಯ ಮೇಲೆ ಕೂತಿರುತ್ತಿತ್ತು. ದಿನಾ ಸ್ನಾನವಾದ ಮೇಲೆ ಅವಳು ಅದನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ ಜ್ವರ ಬಂದರೆ ದಿಂಬಿನ ಕೆಳಗೆ ಇಡುತ್ತಿದ್ದಳು. ಭಾನುವಾರ ಚರ್ಚಿಗೆ ಎದೆಗವಚಿಕೊಂಡು ಹೋಗಿ, ಹಾಗೆಯೇ ವಾಪಸು ತಂದು ಗೂಡಿಗೆ ಸೇರಿಸುತ್ತಿದ್ದಳು. ಓದುವುದೊಂದನ್ನು ಬಿಟ್ಟು ಆ ಪುಸ್ತಕಕ್ಕೆ ಮಾಡಬೇಕಾದ್ದನ್ನೆಲ್ಲ ಮೂವತ್ತೆಂಟು ವರ್ಷದಿಂದ ಮಾಡಿಕೊಂಡು ಬಂದಿದ್ದಳು. ಹಾಳೆಯ ಅಂಚಿನ ಕೆಂಪು ಬಣ್ಣ ಇನ್ನೂ ಮಾಸಿರಲಿಲ್ಲ, ಎಷ್ಟೋ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಹಾಗಂತ ಓದು ಬಾರದವಳಲ್ಲ. ಹೊಳಲಿನ ತವರಿನಲ್ಲಿದ್ದಾಗ ನಾಲ್ಕನೆಯ ಕ್ಲಾಸು ಮುಗಿಸಿದ್ದಳು. ಈಗ ಮಳವಳ್ಳಿಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಬೇಳೆ ಮೂಟೆಯ ಮೇಲಿನ ತಾರೀಖಿನಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಎಲ್ಲವನ್ನೂ ಓದುತ್ತಿದ್ದಳು. ಆದರೆ ದೇವರ ಮಾತು ಅಂದರೆ ಅವಳಿಗೆ ಚೀಟಿ. ಅವರ ಚರ್ಚಿನಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಸ್ಟೀಲಿನ ತಟ್ಟೆಯಲ್ಲಿ ಬಣ್ಣದ ಚೀಟಿಗಳನ್ನು ಬೋರಲು ಹಾಕಿ ಇಡುತ್ತಾರೆ. ಒಂದೊಂದರ ಮೇಲೂ ಬೈಬಲ್ಲಿನಿಂದ ತೆಗೆದ ಒಂದೊಂದು ವಾಗ್ದಾನ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಮನೆಗೊಂದು ಎತ್ತಿಕೊಳ್ಳಬೇಕು, ಕೈಗೆ ಬಂದದ್ದು ಆ ವರ್ಷಕ್ಕೆ ಆ ಮನೆಗೆ ದೇವರು ಕೊಟ್ಟ ಮಾತು. ಸಿಕ್ಕಿದ್ದು ಹಿಡಿಸದಿದ್ದರೆ ಮೆಲ್ಲಗೆ ಇನ್ನೊಂದನ್ನು ಎತ್ತುವ ಜಾಣರೂ ಇದ್ದಾರೆ, ಅದು ಬೇರೆ ವಿಷಯ.

ಐದು ವರ್ಷದ ಹಿಂದೆ ಚೀಟಿ ಎತ್ತುವ ಹೊತ್ತಿಗೆ ಬೆಳ್ಳಮ್ಮನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಒಬ್ಬಳೇ ಮಗಳು ಚಂದನ ಮದ್ದೂರಿನ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದವಳು, ಪಕ್ಕದಲ್ಲೇ ಗ್ಯಾರೇಜು ಇಟ್ಟಿದ್ದ ಒವೈಸ್ ಎಂಬ ಹುಡುಗನನ್ನು ಮಂಡ್ಯದಲ್ಲಿ ರಿಜಿಸ್ಟರ್ ಮದುವೆಯಾಗಿ ಆಮೇಲೆ ಬಂದು ಹೇಳಿದ್ದಳು. ನನ್ನ ಹೊಸ್ತಿಲು ತುಳಿಯಬೇಡ ಎಂದು ಬೆಳ್ಳಮ್ಮ ಅವಳನ್ನು ಕಳಿಸಿದ್ದಳು, ಮೊಬೈಲಿನ ಸಿಮ್ಮನ್ನೂ ಬದಲಾಯಿಸಿದ್ದಳು. ಅದಾದ ಎರಡು ತಿಂಗಳಿಗೆ ಕೈಗೆ ಬಂದ ಚೀಟಿಯಲ್ಲಿ, ನಿನ್ನ ಮಕ್ಕಳು ಶತ್ರುವಿನ ದೇಶದಿಂದ ತಿರುಗಿ ತಮ್ಮ ಊರಿಗೆ ಬರುತ್ತಾರೆ ಎಂಬ ಮಾತಿತ್ತು. ಚರ್ಚಿನ ಮಧ್ಯದಲ್ಲೇ ಅವಳು ಗೊಳೋ ಎಂದು ಅತ್ತಳು. ಆ ಚೀಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಮುಂದಿನ ವರ್ಷಗಳ ಚೀಟಿಗಳು ಬಂದವು, ಹೋದವು. ಇದು ಮಾತ್ರ ಗೋಡೆ ಬಿಟ್ಟು ಇಳಿಯಲಿಲ್ಲ.

ಈ ಚೀಟಿಯೇ ಅವಳ ಕೈಯಿಂದ ದೊಡ್ಡದೊಂದು ತಪ್ಪು ಮಾಡಿಸಿತು. ಮರುವರ್ಷ ಚಂದನ ಮೂರು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಗಂಡನ ಜೊತೆ ಬಂದು ಬಾಗಿಲು ತಟ್ಟಿದಳು. ಬೆಳ್ಳಮ್ಮ ಒಳಗೇ ಇದ್ದಳು. ದೇವರು ಹೇಳಿದ್ದು ಶತ್ರುವಿನ ದೇಶದಿಂದ ಬರುತ್ತಾಳೆ ಅಂತ, ಅಂದರೆ ಅದನ್ನು ಬಿಟ್ಟು ಬರಬೇಕು. ಇವಳು ಶತ್ರುವನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಬಂದಿದ್ದಾಳೆ, ಈಗ ಬಾಗಿಲು ತೆಗೆದರೆ ದೇವರ ಕೆಲಸಕ್ಕೆ ಅಡ್ಡ ಬಂದ ಹಾಗೆ ಎಂದು ಲೆಕ್ಕ ಹಾಕಿದಳು. ಹೊರಗೆ ಕೂಸು ಅಳುತ್ತಿತ್ತು. ಕಾಲು ಗಂಟೆ ಕಾದು ಅವರು ಹೊರಟುಹೋದರು. ಬೆಳ್ಳಮ್ಮ ಚೀಟಿಯ ಮುಂದೆ ಮಂಡಿಯೂರಿ, ನೀನೇ ಮಾತು ಕೊಟ್ಟಿದ್ದೀಯ, ನೀನೇ ನಡೆಸಿಕೊಡು ಎಂದಳು. ಗಂಡ ನಾಗಯ್ಯ ಅವತ್ತು ಊಟ ಮಾಡಲಿಲ್ಲ. ಮೊದಲೇ ಮಾತು ಕಮ್ಮಿಯ ಮನುಷ್ಯ, ಅವತ್ತಿನಿಂದ ಇನ್ನೂ ಕಮ್ಮಿಯಾದ.

ಹೀಗೆ ನಾಲ್ಕು ವರ್ಷ ಕಳೆಯಿತು. ಈ ವರ್ಷ ಚರ್ಚಿಗೆ ಹೊಸ ಪಾಸ್ಟರು ಬಂದರು. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ, ಆದರೆ ಮಾತು ನೇರ. ಜುಲೈ ತಿಂಗಳ ಒಂದು ಭಾನುವಾರ, ಅವರವರ ಚೀಟಿಯ ಮಾತನ್ನು ಎದ್ದುನಿಂತು ಹೇಳಿ ಎಂದರು. ಎಲ್ಲರೂ ಹುರುಪಿನಿಂದ ಹೇಳಿದರು. ಬೆಳ್ಳಮ್ಮ ತನ್ನ ಐದು ವರ್ಷದ ಹಳೆಯ ಚೀಟಿಯನ್ನೇ ಹೇಳಿದಳು. ಆ ಮಾತಿನ ಹಿಂದೆ ಏನಿದೆ, ಮುಂದೆ ಏನಿದೆ ಎಂದು ಪಾಸ್ಟರು ಕೇಳಿದರು. ಗೊತ್ತಿರಲಿಲ್ಲ. ಯಾರಿಗೂ ಅವರವರದ್ದು ಗೊತ್ತಿರಲಿಲ್ಲ, ಆದರೆ ಆ ಹೊತ್ತಿಗೆ ಎದ್ದು ನಿಂತಿದ್ದವಳು ಅವಳೊಬ್ಬಳೇ. ಬಂದ ಕಾಗದದಲ್ಲಿ ಒಂದೇ ಸಾಲು ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನು ಒಲೆಗೆ ಹಾಕುವವರುಂಟಾ, ದಿನಕ್ಕೊಂದು ಅಧ್ಯಾಯ ಓದಿದರೆ ಯಾರ ಗಂಟು ಹೋಗುತ್ತದೆ ಎಂದು ಪಾಸ್ಟರು ಎಲ್ಲರಿಗೂ ಸೇರಿಸಿ ಕೇಳಿದರು. ಬೆಳ್ಳಮ್ಮನಿಗೆ ಅದು ತನ್ನೊಬ್ಬಳಿಗೇ ಹೇಳಿದ ಹಾಗೆ ಕೇಳಿಸಿತು. ಅವಮಾನದಿಂದ ಕಿವಿ ಬಿಸಿಯಾಯಿತು.

ಮನೆಗೆ ಬಂದವಳೇ ಚೀಲದ ಜಿಪ್ಪು ಎಳೆದಳು. ಅವಳ ಮಾತು ಯೆರೆಮೀಯನೆಂಬ ಪ್ರವಾದಿಯ ಪುಸ್ತಕದ್ದು, ಮೂವತ್ತೊಂದನೆಯ ಅಧ್ಯಾಯ, ಹದಿನಾರು ಹದಿನೇಳನೆಯ ವಚನಗಳು. ಸೀದಾ ಅಲ್ಲಿಗೇ ಹೋಗಿ ನೋಡಬಹುದಿತ್ತು. ಆದರೆ ಬೆಳ್ಳಮ್ಮನದು ಹಟದ ಜೀವ. ಒಂದನೆಯ ಅಧ್ಯಾಯದಿಂದಲೇ ಶುರುಮಾಡುತ್ತೇನೆ, ದಿನಕ್ಕೊಂದರಂತೆ ಮೂವತ್ತೊಂದನೆಯ ದಿನ ನನ್ನ ಮಾತಿಗೆ ಬಂದು ನಿಲ್ಲುತ್ತೇನೆ, ಆಮೇಲೆ ಆ ಹುಡುಗ ಪಾಸ್ಟರ ಮುಂದೆಯೂ ನಿಲ್ಲುತ್ತೇನೆ, ದೇವರ ಮುಂದೆಯೂ ನಿಲ್ಲುತ್ತೇನೆ, ಎಲ್ಲಿ ನನ್ನ ಮಗಳು ಎಂದು ಕೇಳುತ್ತೇನೆ ಎಂದು ನಾಗಯ್ಯನಿಗೆ ಹೇಳಿದಳು. ನಾಗಯ್ಯ ತಲೆಯಾಡಿಸಿದ.

ಹೇಳಿದಷ್ಟು ಸಲೀಸಾಗಿರಲಿಲ್ಲ. ಮೊದಲ ದಿನ ರಾತ್ರಿ ಊಟವಾದ ಮೇಲೆ ಕೂತರೆ ಐದನೆಯ ಸಾಲಿಗೇ ತೂಕಡಿಕೆ. ಸರಿ, ಶಾಲೆಯ ಅಡುಗೆಮನೆಗೇ ಪುಸ್ತಕ ಒಯ್ದು, ಅನ್ನ ಬೇಯುವ ಹೊತ್ತಿನಲ್ಲಿ ಓದೋಣವೆಂದು ಹೊಂದಿಸಿಕೊಂಡಳು. ಬಡಗಣ ದಿಕ್ಕಿನಿಂದ ಬಾಗಿದ, ಕೊತಕೊತ ಕುದಿಯುವ ಹಂಡೆಯೊಂದನ್ನು ದೇವರು ಪ್ರವಾದಿಗೆ ತೋರಿಸುತ್ತಾನೆ ಎನ್ನುವಲ್ಲಿ ಅವಳಿಗೆ ಬಲು ಖುಷಿಯಾಯಿತು. ಬಾಗಿದ ಹಂಡೆ ಎಂಥ ಅಪಾಯ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹಂಡೆಯಲ್ಲಿ ಮುಳುಗಿ ತನ್ನ ಹಂಡೆಯನ್ನು ಮರೆತಳು. ನೂರ ನಲವತ್ತು ಮಕ್ಕಳ ಅನ್ನ ತಳ ಹಿಡಿಯಿತು. ಜೊತೆಯ ಅಡುಗೆಯವಳು ಪಟ್ಟಲಮ್ಮ ಸೀದ ವಾಸನೆ ಹಿಡಿದು ಓಡಿಬರುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಅಡುಗೆ ಹೊತ್ತಿನಲ್ಲಿ ಅಡುಗೆ ಮಾತ್ರ ಎಂದು ಹೆಡ್‌ಮಾಸ್ಟರು ಗದರಿದರು, ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಟ್ಟಲಮ್ಮ ಒಂದು ವಾರ ಅವಳನ್ನು ಪಾಸ್ಟರಮ್ಮ ಎಂದೇ ಕರೆದು ಗೋಳುಹೊಯ್ದುಕೊಂಡಳು.

ಮೂರನೆಯ ದಿನದಿಂದ ಬೆಳಗಿನ ಐದು ಗಂಟೆ ಗಟ್ಟಿಯಾಯಿತು. ಎದ್ದು ಮುಖ ತೊಳೆದು, ಕಣ್ಣಿನ ಕ್ಯಾಂಪಿನಲ್ಲಿ ಕೊಟ್ಟ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ತಡವರಿಸಿ, ಗಟ್ಟಿಯಾಗಿಯೇ ಓದುತ್ತಿದ್ದಳು. ಕರೆಂಟು ಹೋದರೆ ಮೊಬೈಲಿನ ಬೆಳಕು. ಅರ್ಥವಾಗದ್ದು ಬೇಕಾದಷ್ಟಿತ್ತು, ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದಳು. ಒಡೆದ ತೊಟ್ಟಿಯಲ್ಲಿ ನೀರು ತುಂಬಲು ನೋಡುವ ಜನ, ಕೆಟ್ಟ ಮಡಕೆಯನ್ನು ಅದೇ ಮಣ್ಣಿನಿಂದ ಮತ್ತೆ ಮಾಡುವ ಕುಂಬಾರ, ಇವೆಲ್ಲ ಮನಸ್ಸಿನಲ್ಲಿ ಕೂತವು. ಮಾತುಮಾತಿಗೂ ಕಣ್ಣೀರು ಹಾಕುವ, ದೇವರ ಹತ್ತಿರವೇ ಜಗಳ ತೆಗೆಯುವ, ನಾನು ಹುಟ್ಟಲೇಬಾರದಾಗಿತ್ತು ಎಂದು ಗೊಣಗುವ ಆ ಪ್ರವಾದಿಯ ಮೇಲೆ ಅವಳಿಗೆ ಪ್ರೀತಿ ಹುಟ್ಟಿತು. ನಾಗಯ್ಯ ಬಾಗಿಲ ಬಳಿ ಕಾಫಿ ಲೋಟ ಹಿಡಿದು ಕೂತು ಕೇಳುತ್ತಿದ್ದ. ಹದಿನೈದನೆಯ ದಿನದ ಹೊತ್ತಿಗೆ, ಅವಳು ಏಳುವುದು ಐದು ನಿಮಿಷ ತಡವಾದರೆ ಅವನೇ ಕೆಮ್ಮುತ್ತಿದ್ದ.

ಇಪ್ಪತ್ತೊಂಬತ್ತನೆಯ ಅಧ್ಯಾಯದಲ್ಲಿ ಒಂದು ಕಾಗದ ಬಂತು. ಸೆರೆ ಸಿಕ್ಕಿ ಶತ್ರುವಿನ ಊರಿಗೆ ಹೋದ ಜನಕ್ಕೆ ಪ್ರವಾದಿ ಬರೆದ ಕಾಗದ ಅದು. ನಾಳೆಯೇ ವಾಪಸು ಬರುತ್ತೀರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಎಪ್ಪತ್ತು ವರ್ಷ ಹಿಡಿಯುತ್ತದೆ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಗಂಡು ಹೆಣ್ಣು ಮಕ್ಕಳಿಗೆ ಮದುವೆ ಮಾಡಿ, ಆ ಊರಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಎಂದು ಅದರಲ್ಲಿತ್ತು. ಬೆಳ್ಳಮ್ಮನ ಬೆರಳು ನಿಂತುಬಿಟ್ಟಿತು.

ನಾಗಯ್ಯ ಲೋಟ ಕೆಳಗಿಟ್ಟ. "ಅಂಗಾರೆ ಆ ಊರ್ಗೂ ಪ್ರಾರ್ಥನೆ ಮಾಡಿ ಅಂದವ್ನಾ ದೇವ್ರು?"

"ಅಂಗೇ ಬರ್ದೈತೆ," ಎಂದಳು ಬೆಳ್ಳಮ್ಮ.

"ಅಂಗಾರೆ ಒಂದ್ ಮಾತು ಯೋಳ್ತೀನಿ ಕಣಮ್ಮಿ. ಮೊಪೆಡ್ ರಿಪೇರಿ ಅಂತ ನಾನ್ ಓಗೋದು ಮಂಡ್ಯಕ್ಕಲ್ಲ, ಮದ್ದೂರಿಗೆ. ನಾಕು ವರ್ಸದಿಂದ ಓಯ್ತಾ ಇವ್ನಿ. ಮಗೀನ ಎಸ್ರು ಅಕ್ಸಾ."

ಬೆಳ್ಳಮ್ಮನಿಗೆ ಬಂದ ಸಿಟ್ಟು ಹೇಳತೀರದು. ಗಂಡ ಸುಳ್ಳು ಹೇಳಿದ್ದಕ್ಕೆ ಒಂದು ಪಾಲು ಸಿಟ್ಟಾದರೆ, ಒಂದು ಮೊಪೆಡ್ಡು ವರ್ಷಕ್ಕೆ ಆರು ಸಲ ಕೆಟ್ಟರೂ ಅನುಮಾನ ಪಡದ ತನ್ನ ಪೆದ್ದುತನಕ್ಕೆ ಎರಡು ಪಾಲು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಪುಸ್ತಕದ ಮೇಲೆ. ತನ್ನ ಪರ ವಾದ ಮಾಡಲೆಂದು ಅವಳು ಅದನ್ನು ತೆರೆದಿದ್ದಳು, ಅದು ಹೋಗಿ ಗಂಡನ ಪಕ್ಕ ಕೂತಿತ್ತು. ಪುಸ್ತಕವನ್ನು ಚೀಲಕ್ಕೆ ತುರುಕಿ ಜಿಪ್ಪು ಎಳೆದಳು. ಮಾರನೆಯ ದಿನ ಓದಲಿಲ್ಲ, ಅದರ ಮಾರನೆಯ ದಿನವೂ ಓದಲಿಲ್ಲ. ಗಂಡನ ಜೊತೆ ಮಾತೂ ಇಲ್ಲ.

ಆದರೆ ಐದು ಗಂಟೆಗೆ ಎಚ್ಚರವಾಗುವುದು ಮಾತ್ರ ತಪ್ಪಲಿಲ್ಲ. ಎಚ್ಚರವಾಗಿ ಕತ್ತಲೆಯಲ್ಲಿ ಸುಮ್ಮನೆ ಮಲಗಿದ್ದರೆ ಹಲ್ಲುಜ್ಜದೆ ಇದ್ದ ಹಾಗೆ ಅನ್ನಿಸುತ್ತಿತ್ತು. ಮೂರನೆಯ ಬೆಳಗು ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. ಇನ್ನೆರಡು ಅಧ್ಯಾಯಕ್ಕೆ ತನ್ನ ಮಾತು ಬರುತ್ತದೆ, ಅಲ್ಲಿ ಹೋಗಿ ನೋಡಿದರೆ ಅದೂ ತಾನು ಅಂದುಕೊಂಡ ಹಾಗೆ ಇಲ್ಲದಿದ್ದರೆ? ಐದು ವರ್ಷ ಹಿಡಿದು ನೇತಾಡಿದ ಹಗ್ಗ ಅದು. ಅದೂ ಹೋದರೆ ಅವಳಿಗೆ ಉಳಿಯುವುದು ಏನೂ ಇರಲಿಲ್ಲ, ತಟ್ಟಿದರೂ ತೆರೆಯದ ಒಂದು ಬಾಗಿಲು ಮತ್ತು ಹೊರಗೆ ಅಳುವ ಒಂದು ಕೂಸು ಬಿಟ್ಟು.

ಹೆದರಿಕೊಂಡು ಓದದೆ ಬಿಡುವ ಪೈಕಿ ಅಲ್ಲ ತಾನು ಎಂದು ಅವಳು ಎದ್ದಳು. ಮೂವತ್ತನೆಯದನ್ನು ಓದಿದಳು. ಮರುದಿನ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ಮೂವತ್ತೊಂದನೆಯದಕ್ಕೆ ಕೂತಳು.

ಹದಿನೈದನೆಯ ವಚನದಲ್ಲಿ ಒಬ್ಬ ತಾಯಿ ಇದ್ದಳು. ಇಲ್ಲದ ಮಕ್ಕಳಿಗಾಗಿ ಅಳುತ್ತಾಳೆ, ಯಾರು ಸಮಾಧಾನ ಹೇಳಿದರೂ ಬೇಡವೆನ್ನುತ್ತಾಳೆ. ಬೆಳ್ಳಮ್ಮನ ಕನ್ನಡಕ ಮಂಜಾಯಿತು, ಒರೆಸಿಕೊಂಡು ಮುಂದೆ ಹೋದಳು. ಅಳು ನಿಲ್ಲಿಸು ಎಂದು ದೇವರು ಹೇಳುತ್ತಾನೆ. ಆಮೇಲೆ ಅವಳ ಮಾತು, ಗೋಡೆಯ ಮೇಲೆ ಇದ್ದ ಹಾಗೆಯೇ ಇತ್ತು. ಒಂದಕ್ಷರವೂ ಹೆಚ್ಚು ಕಮ್ಮಿಯಿಲ್ಲ. ಅಲ್ಲಿಗೇ ಪುಸ್ತಕ ಮುಚ್ಚಬಹುದಿತ್ತು, ಲೆಕ್ಕದ ಪ್ರಕಾರ ಅವಳ ಹಟ ಗೆದ್ದಿತ್ತು. ಆದರೆ ಹಿಡಿದ ಅಧ್ಯಾಯವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಈಗ ಅವಳಿಗೆ ಉಳಿದಿರಲಿಲ್ಲ. ಇನ್ನು ನಾಲ್ಕು ವಚನ ಕೆಳಗಿಳಿದಾಗ, ದಾರಿ ತೋರುವ ಕಂಬಗಳನ್ನು ನಿಲ್ಲಿಸು, ಗುರುತಿನ ಕಲ್ಲುಗಳನ್ನು ನೆಡು, ಹೋದ ದಾರಿಯ ಕಡೆ ಮನಸ್ಸಿಡು, ತಿರುಗಿ ಬಾ ಎಂಬ ಮಾತು ಸಿಕ್ಕಿತು.

ಅದನ್ನು ಮೂರು ಸಲ ಓದಿದಳು. ಆ ಮಾತು ತಿರುಗಿ ಬರುವವರಿಗೇ ಹೇಳಿದ್ದು ಎಂದು ಓದಿದವರು ಹೇಳಬಹುದು. ಬೆಳ್ಳಮ್ಮನಿಗೆ ಕಂಡದ್ದು ಒಂದೇ: ಬರುತ್ತಾರೆ ಎಂದ ದೇವರೇ ದಾರಿಗೆ ಗುರುತು ಇರಬೇಕು ಎಂದೂ ಹೇಳಿದ್ದಾನೆ. ತಾನು ಮೇಲಿನ ಮಾತನ್ನಷ್ಟೇ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದಳು. ಮಗಳು ಬರುವ ದಾರಿಯ ಒಂದೊಂದು ಗುರುತನ್ನೂ ತಾನೇ ಕೈಯಾರೆ ಕಿತ್ತುಹಾಕಿದ್ದಳು. ಹೊಸ್ತಿಲು ತುಳಿಯಬೇಡ ಎಂದವಳು ತಾನು, ಸಿಮ್ಮು ಬದಲಾಯಿಸಿದವಳು ತಾನು, ಬಾಗಿಲು ತೆಗೆಯದವಳು ತಾನು. ನಾಲ್ಕು ವಚನ ಕೆಳಗೆ ಇಷ್ಟು ವರ್ಷದಿಂದಲೂ ಆ ಮಾತು ಕಾಯುತ್ತಲೇ ಇತ್ತು. ಆ ಕ್ಷಣ ಅವಳಿಗೆ ತನ್ನ ಮೇಲೆ ಬಂದಷ್ಟು ನಾಚಿಕೆ ಬದುಕಿನಲ್ಲಿ ಎಂದೂ ಬಂದಿರಲಿಲ್ಲ.

ಅಧ್ಯಾಯದ ಕೊನೆಯವರೆಗೂ ಓದಿ ಮುಗಿಸಿದ ಮೇಲೆಯೇ ಎದ್ದದ್ದು. ಪಟ್ಟಲಮ್ಮನಿಗೆ ಫೋನು ಮಾಡಿ ಇವತ್ತೊಂದು ದಿನ ಅಡುಗೆ ಸುಧಾರಿಸು ಎಂದಳು. ನಾಗಯ್ಯ ಮೊಪೆಡ್ಡಿನ ಬೀಗದ ಕೈಗೆ ಕೈಹಾಕಿದಾಗ ಬೇಡವೆಂದಳು. ಬಾಗಿಲು ಮುಚ್ಚಿದ್ದು ಒಬ್ಬಳೇ, ಹೋಗುವುದೂ ಒಬ್ಬಳೇ. ದಾರಿಯನ್ನಷ್ಟು ಬರೆದುಕೊಡು ಎಂದು ಕೇಳಿದಳು. ನಾಗಯ್ಯ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ. ಮದ್ದೂರು ಬಸ್‌ಸ್ಟ್ಯಾಂಡು, ಬಲಗಡೆ ರಸ್ತೆ, ಟೈರ್ ಅಂಗಡಿ, ಮಸೀದಿ, ಅದರ ಪಕ್ಕದ ಸಂದಿ, ಹಸಿರು ಗೇಟು. ಮಗಳ ನಂಬರನ್ನೂ ಬರೆದ. ಆ ಕಾಗದವನ್ನು ಅವಳು ಬಸ್ಸಿನಲ್ಲಿ ನಡುದಾರಿಯ ದೊಡ್ಡಿ ಊರು ದಾಟುವವರೆಗೂ ಓದುತ್ತಲೇ ಇದ್ದಳು. ಮದ್ದೂರಿನಲ್ಲಿ ಇಳಿದ ಮೇಲೆ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ.

ಹಸಿರು ಗೇಟಿನ ಒಳಗೆ ಒವೈಸ್‌ನ ತಾಯಿ ಶಮೀಮ್ ಬಾನು ಕೂತು ಸೊಪ್ಪು ಸೋಸುತ್ತಿದ್ದರು. ಬೆಳ್ಳಮ್ಮ ಯಾರೆಂದು ಹೇಳಿಕೊಳ್ಳುವ ಮೊದಲೇ ಅವರು ಮೊರ ಪಕ್ಕಕ್ಕಿಟ್ಟು ಎದ್ದರು. ಮಗಳ ಮುಖ ನಿಮ್ಮದೇ ಎಂದು ಹೇಳಿ, ಒಳಗೆ ಬನ್ನಿ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ನಾಲ್ಕು ವರ್ಷದ ಒಂದು ಹುಡುಗಿ ಓಡಿಬಂದು, ಬಂದವರನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ನಿಂತುಕೊಂಡಿತು. ಅಪ್ಪನ ಅಮ್ಮನ ಸೆರಗು ಅದು. ತನ್ನ ಸೆರಗು ಆ ಮಗುವಿಗೆ ಗೊತ್ತೇ ಇಲ್ಲವೆಂಬುದನ್ನು ಬೆಳ್ಳಮ್ಮ ಸಹಿಸಿಕೊಳ್ಳಬೇಕಾಯಿತು.

ಚಂದನ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು. ಓಡಿಬರಲಿಲ್ಲ, ಅಳಲೂ ಇಲ್ಲ. "ಕರ್ಕೊಂಡ್ ಓಗಕ್ ಬಂದ್ಯಾ ಅವ್ವ? ನಾನ್ ಬರಾಕಿಲ್ಲ."

"ಕರ್ಕೊಂಡ್ ಓಗಕಲ್ಲ ಬಂದಿದ್ದು," ಎಂದಳು ಬೆಳ್ಳಮ್ಮ. ಬಸ್ಸಿನುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲೋ ಹೋಗಿದ್ದವು. "ಆವತ್ತು ಒಳ್ಗೇ ಇದ್ದೆ ಕಣವ್ವ. ಮಗು ಅಳದ್ನೂ ಕೇಳ್ದೆ. ತಪ್ ಮಾಡ್ದೆ. ಇನ್ಮ್ಯಾಕೆ ಗಂಡನ್ನ, ಮಗೀನ ಕರ್ಕೊಂಡೇ ಬಾ. ಬರಾಕಿಲ್ಲ ಅಂದ್ರೆ ಬ್ಯಾಡ. ದಾರಿ ಐತೆ ಅಂತ ಯೋಳಿ ಓಗನ ಅಂತ ಬಂದೆ."

ಚಂದನ ಒದ್ದೆ ಕೈ ಒರೆಸಿಕೊಂಡಳು. ದಿನಾ ಬೆಳಗ್ಗೆ ಓದುತ್ತೀಯಂತೆ, ಅಪ್ಪ ಹೇಳಿದರು ಎಂದಳು. ನಿನ್ನ ಚೀಟಿಯ ಮಾತು ಸಿಕ್ಕಿದ ಮೇಲೆ ನಿಲ್ಲಿಸುತ್ತೀಯಾ ಎಂದು ಕೇಳಿದಳು. ಅದು ಇವತ್ತು ಸಿಕ್ಕಿತು, ನಾಳೆ ಮೂವತ್ತೆರಡು ಎಂದಳು ಬೆಳ್ಳಮ್ಮ. ಆಗ ಚಂದನ ಬಾಗಿಲು ಬಿಟ್ಟು ಹತ್ತಿರ ಬಂದಳು.

"ನಾನು ಬೈಬಲ್ಲ ತಂದಿದ್ದೆ ಅವ್ವ. ಇವ್ರ್ ಯಾರೂ ಬ್ಯಾಡ ಅನ್ನಲಿಲ್ಲ. ಆವತ್ತು ನೀನು ಬಾಗ್ಲು ತೆಗೀಲಿಲ್ವಲ್ಲ, ಆವತ್ತಿಂದ ನಾನೇ ಮುಟ್ಟಿಲ್ಲ."

ನಾಲ್ಕು ವರ್ಷದಿಂದ ಗೋಡೆಯ ಮುಂದೆ ಮಂಡಿಯೂರಿದಾಗಲೆಲ್ಲ, ಮಗಳನ್ನು ದೇವರಿಂದ ದೂರ ಮಾಡಿದವರು ಈ ಮನೆಯವರು ಎಂದೇ ಬೆಳ್ಳಮ್ಮ ದೂರು ಹೇಳುತ್ತಿದ್ದಳು. ಈಗ ಆ ದೂರು ತನ್ನ ಹೆಸರಿಗೇ ತಿರುಗಿ ಬಂದಿತ್ತು. ಶಮೀಮ್ ಬಾನು ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು. ನೀರು ಕುಡಿದು ಅವಳು ನೆಟ್ಟಗೆ ಕೂತಳು. ಅತ್ತರೆ ಅದು ತನಗೆ ಮಾತ್ರ ಹಗುರವೆಂದು ಅವಳಿಗೆ ಗೊತ್ತಿತ್ತು.

"ನಾಳೆ ಐದ್ ಗಂಟೆಗೆ ಪೋನ್ ಮಾಡ್ತೀನಿ," ಎಂದಳು. "ನಾನ್ ಓದ್ತೀನಿ. ನೀನು ಏನೂ ಅನ್ಬ್ಯಾಡ, ಎತ್ಕೊಂಡ್ರೆ ಸಾಕು. ಎತ್ನಿಲ್ಲ ಅಂದ್ರೆ ನಾಡಿದ್ದು ಮಾಡ್ತೀನಿ. ಆಚೆ ನಾಡಿದ್ದೂ ಮಾಡ್ತೀನಿ."

ಚಂದನ ಮಗುವನ್ನು ಎತ್ತಿಕೊಂಡು ಗೇಟಿನವರೆಗೆ ಬಂದಳು.

ಮರುದಿನ ಐದು ಗಂಟೆಗೆ ಬೆಳ್ಳಮ್ಮ ಮೂವತ್ತೆರಡನೆಯ ಅಧ್ಯಾಯ ತೆರೆದಿಟ್ಟುಕೊಂಡು ನಂಬರು ಒತ್ತಿದಳು. ಪೂರ್ತಿ ಹೊಡೆದುಕೊಂಡು ನಿಂತುಹೋಯಿತು, ಯಾರೂ ಎತ್ತಲಿಲ್ಲ. ಅವಳು ಹೇಳಿದಂತೆ ಓದಿದಳು, ಕೇಳಲು ನಾಗಯ್ಯ ಒಬ್ಬನೇ ಇದ್ದ. ಮುತ್ತಿಗೆ ಬಿದ್ದ ಊರಿನಲ್ಲಿ, ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಹೊಲವನ್ನು ಆ ಪ್ರವಾದಿ ಹಣ ಕೊಟ್ಟು ಕೊಂಡುಕೊಳ್ಳುವ ಕತೆ ಅಲ್ಲಿತ್ತು. ಎರಡನೆಯ ದಿನವೂ ಎತ್ತಲಿಲ್ಲ. ಮೂರನೆಯ ದಿನ ನಾಗಯ್ಯ ಪಾಪವೆನಿಸಿ, ಇವತ್ತೊಂದು ದಿನ ಬಿಡಬಾರದಾ ಎಂದ. ಬಾಗಿಲು ತಟ್ಟುವವರಿಗೆ ಹೇಗಾಗುತ್ತದೆ ಎಂದು ನನಗೂ ಗೊತ್ತಾಗಲಿ ಎಂದು ಹೇಳಿ ಅವಳು ನಂಬರು ಒತ್ತಿದಳು. ಅವತ್ತೂ ಯಾರೂ ಎತ್ತಲಿಲ್ಲ.

ಏಳನೆಯ ದಿನ ನಾಲ್ಕನೆಯ ರಿಂಗಿಗೆ ಫೋನು ಎತ್ತಿದ ಸದ್ದಾಯಿತು. ಆ ಕಡೆಯಿಂದ ಮಾತಿಲ್ಲ, ಉಸಿರು ಮಾತ್ರ. ಬೆಳ್ಳಮ್ಮ ಹಲೋ ಎನ್ನಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಮೂವತ್ತೆಂಟನೆಯ ಅಧ್ಯಾಯವನ್ನು ಮೊದಲಿನಿಂದ ಓದತೊಡಗಿದಳು. ಪ್ರವಾದಿಯನ್ನು ಕೆಸರಿನ ಬಾವಿಗೆ ಇಳಿಸಿದರು, ಹೊರದೇಶದ ಒಬ್ಬ ಮನುಷ್ಯ ಹಗ್ಗದ ಜೊತೆಗೆ ಹಳೆಯ ಬಟ್ಟೆಯನ್ನೂ ಇಳಿಬಿಟ್ಟು, ಕಂಕುಳು ಉಜ್ಜದ ಹಾಗೆ ಜೋಪಾನವಾಗಿ ಮೇಲೆತ್ತಿದ. ಅಲ್ಲಿ ಬಂದಾಗ ಆ ಕಡೆ ಯಾರೋ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಅವಳು ನಿಲ್ಲಿಸದೆ ಕೊನೆಯ ವಚನದವರೆಗೂ ಓದಿದಳು.

"ಅವ್ವ," ಎಂದಿತು ಫೋನು. "ನಾಳಿಂದ ಐದೂವರೆಗೆ ಮಾಡು. ಐದ್ ಗಂಟೆಗೆ ಅತ್ತೆ ನಮಾಜಿಗೆ ಏಳ್ತಾರೆ, ಅವ್ರಿಗೆ ಬಿಸ್ನೀರು ಕಾಯಿಸಿ ಬಂದು ಕುಂತ್ಕೋತೀನಿ."